ಕೆಂಬೂತ ಬಣ್ಣದ ಕಾರು

ಪೇಂಟರ್ ಮೌರಿಸ್ ಫೆರ್ನಾಂಡಿಸ್ ಆ ದಿನ ಸುಮ್ಮನೆ ‘ನೀಲಿ’ ಎಂದು ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಭುಜಂಗ ಶೆಟ್ಟರು ಕೇಳಿದ್ದು ಒಂದೇ ಒಂದು ಪ್ರಶ್ನೆ: ‘‘ನನ್ನ ಕಾರಿಗೆ ಯಾವ ಬಣ್ಣ ಆದೀತು, ಪೊರ್ಬುಗಳೇ?’’ ಕ್ರೈಸ್ತರನ್ನು ನಮ್ಮ ಕಡೆ ಮರ್ಯಾದೆಯಿಂದ ಕರೆಯುವುದೇ ಹಾಗೆ. ಶೆಟ್ಟರ ಪ್ರಶ್ನೆಗೆ ಒಂದು ಬಣ್ಣದ ಹೆಸರು ಸಾಕಿತ್ತು. ಆದರೆ ದೊಡ್ಡವರು ಪ್ರಶ್ನೆ ಕೇಳಿದಾಗ ಸಣ್ಣ ಉತ್ತರ ಕೊಡುವುದು ಮರ್ಯಾದೆಯಲ್ಲ ಎಂದು ಮೌರಿಸನಿಗೆ ಅನ್ನಿಸಿತು.

‘‘ಬಣ್ಣ ಅಂದ್ರೆ ಬರೀ ಚಂದಕ್ಕಲ್ಲ ಶೆಟ್ರೇ,’’ ಎಂದ ಅವನು. ‘‘ಗಾಡಿಯ ಅರ್ಧ ಓಟ ಇಂಜಿನಿನಲ್ಲಿ ಉಂಟು. ಉಳಿದರ್ಧ ಬಣ್ಣದಲ್ಲಿ ಉಂಟು. ಇದು ಎಲ್ಲರಿಗೂ ಗೊತ್ತಿರುವ ವಿಷಯ ಅಲ್ಲ.’’

ಎಲ್ಲರ ಮಾತು ಹಾಗಿರಲಿ, ಆ ಮಾತು ಬಾಯಿಂದ ಬೀಳುವವರೆಗೆ ಅದು ಮೌರಿಸನಿಗೇ ಗೊತ್ತಿರಲಿಲ್ಲ. ಸುಳ್ಳು ಹೇಳುವುದು ಅವನ ಚಾಳಿಯಲ್ಲ. ಆದರೆ ಶೆಟ್ಟರ ಶೆಡ್ಡಿನಲ್ಲಿ ಮೂರು ಹೊಸ ಬಸ್ಸುಗಳು ಬರೀ ಅಲ್ಯೂಮಿನಿಯಂ ತಗಡಿನ ಮೈಯಲ್ಲಿ ನಿಂತಿದ್ದವು. ಕಾಪುವಿನಿಂದ ಶಿರ್ವದ ದಾರಿಯಾಗಿ ಕಾರ್ಕಳಕ್ಕೆ ಓಡಬೇಕಾದ ಬಸ್ಸುಗಳು. ಅವುಗಳಿಗೆ ಬಣ್ಣ ಹೊಡೆಯುವ ಕೆಲಸ ಸಿಕ್ಕಿದರೆ ಮೌರಿಸ್ ಊರಲ್ಲಿ ಉಳಿಯುತ್ತಾನೆ. ಸಿಗದಿದ್ದರೆ ಬೊಂಬಾಯಿಗೆ ಹೋಗುತ್ತಾನೆ. ಅಲ್ಲಿ ಅವನ ಭಾವ ಆಂಟನಿ ಒಂದು ಕಾರ್ಖಾನೆಯಲ್ಲಿ ಅವನಿಗಾಗಿ ಜಾಗ ಹಿಡಿದಿಟ್ಟು, ಬರುತ್ತೀಯೋ ಇಲ್ಲವೋ ಎಂದು ಮೂರನೆಯ ಕಾಗದ ಬರೆದಿದ್ದ. ಮೌರಿಸನಿಗೆ ಹೋಗುವ ಮನಸ್ಸಿರಲಿಲ್ಲ. ಮಗಳು ಜೋನ್ ಹುಟ್ಟಿ ನಾಲ್ಕು ತಿಂಗಳಾಗಿತ್ತು. ಹೆಂಡತಿ ಸೆಲೀನ್ ಬಾಯಿಬಿಟ್ಟು ‘ಹೋಗಬೇಡಿ’ ಎಂದು ಹೇಳಿರಲಿಲ್ಲ. ಹೇಳದೆ ಇದ್ದದ್ದೇ ಅವನಿಗೆ ಹೆಚ್ಚು ಸಂಕಟವಾಗಿತ್ತು.

ಶೆಟ್ಟರು ತಮ್ಮ ಕಾರಿನ ಕಡೆ ತಿರುಗಿದರು. ಅವರ ಕಾರು ಎಂದರೆ ಎರಡೇ ಸೀಟಿನ, ಛಾವಣಿಯಿಲ್ಲದ ಸ್ಪೋರ್ಟ್ಸ್ ಕಾರು. ಊರಿಗೆ ಮರಳುವ ಗಡಿಬಿಡಿಯಲ್ಲಿದ್ದ ಯಾರೋ ಬಿಳಿಯ ದೊರೆಯಿಂದ ಬೊಂಬಾಯಿಯಲ್ಲಿ ಕೊಂಡದ್ದು. ಇನ್ನೂ ಪೂರ್ತಿ ಕಟ್ಟಿ ಮುಗಿಯದ ಕಾರು ಅದು ಎಂದೇ ಕಾಪು ಪೇಟೆಯ ಅಭಿಪ್ರಾಯ. ಕಾರ್ಕಳದ ಗೇರುಬೀಜ ಕಾರ್ಖಾನೆಯ ಅಲೆಕ್ಸಾಂಡರ್ ಲೋಬೊರ ಹತ್ತಿರವೂ ಅಂಥದೇ ಒಂದಿತ್ತು, ಕೆಂಪಿನದು. ಶನಿವಾರ ಸಂಜೆ ಐದಕ್ಕೆ, ಕಡಲು ಇಳಿದು ಮರಳು ಗಟ್ಟಿಯಾಗಿರುವಾಗ, ದೀಪಸ್ತಂಭದ ಬುಡದಿಂದ ಒಂದು ಮೈಲು ಎರಡೂ ಕಾರುಗಳು ಓಡುವುದೆಂದು ಇಬ್ಬರ ನಡುವೆ ಪಂಥವಾಗಿತ್ತು.

‘‘ಹಾಗಾದ್ರೆ ಹೆಚ್ಚು ಓಡುವ ಬಣ್ಣ ಯಾವುದು ಅಂತ ನೋಡಿ ಅದನ್ನೇ ಹಾಕಿ,’’ ಎಂದರು ಶೆಟ್ಟರು. ‘‘ಗೆದ್ದರೆ ಮೂರು ಬಸ್ಸಿನ ಕೆಲಸವೂ ನಿಮಗೆ. ಸೋತರೆ ಮತ್ತೆ ನನ್ನ ಶೆಡ್ಡಿನ ಹತ್ತಿರ ಬರುವುದು ಬೇಡ. ಆಯ್ತಲ್ವಾ?’’

ಮೌರಿಸ್ ಆಯಿತೆಂದ. ಬೇರೆ ಏನು ಹೇಳಿಯಾನು?

ಶನಿವಾರ ಬೆಳಿಗ್ಗೆ ಏಳು ಗಂಟೆಗೆ, ಹಳೆಯ ಬಣ್ಣ ಉಜ್ಜಿ ತೆಗೆದ ಕಾರನ್ನು ಅವನು ಅಂಗಳದ ಚಪ್ಪರದ ಕೆಳಗೆ ತಂದು ನಿಲ್ಲಿಸಿದ. ಬೇಗ ಒಣಗುವ ಬಣ್ಣ, ಕೈಪಂಪಿನ ಸ್ಪ್ರೇ, ಎಲ್ಲ ತಯಾರಿತ್ತು. ತಯಾರಿಲ್ಲದ್ದು ತೀರ್ಮಾನ ಒಂದೇ. ಅಷ್ಟರಲ್ಲಿ ಎದುರಿನ ಚಾ ಹೋಟೆಲಿನ ದೇವದಾಸ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ರಸ್ತೆ ದಾಟಿ ಬಂದ. ಪಂಥದ ಸುದ್ದಿ ಪೇಟೆಗೆಲ್ಲ ಹಬ್ಬಿಸಿದವನು ಅವನೇ.

‘‘ಹಳದಿ ಹಾಕು ಮಾರಾಯ,’’ ಎಂದ ದೇವದಾಸ. ‘‘ಹುಲಿವೇಷ ನೋಡಿದ್ದೀಯಲ್ಲ? ನನ್ನ ಹೋಟೆಲಿನ ದೋಸೆಯವನು ವರ್ಷವಿಡೀ ಒಂದು ದೋಸೆ ಮಗುಚಲಿಕ್ಕೆ ಅರ್ಧ ಗಂಟೆ ಮಾಡ್ತಾನೆ. ಅಷ್ಟಮಿಗೆ ಮೈಗೆ ಹಳದಿ ಬಳಿದ್ರೆ ಸಾಕು, ನಿಂತಲ್ಲಿಂದಲೇ ಲಾಗ ಹಾಕ್ತಾನೆ! ಅದು ಎಲ್ಲಿಂದ ಬಂತು? ಬಣ್ಣದಿಂದ ಅಲ್ವಾ?’’

ಮೌರಿಸ್ ಹಳದಿ ಡಬ್ಬಿಯ ಮುಚ್ಚಳ ತೆಗೆದ. ನೋಡೋಣವೆಂದು ಎರಡು ಬಾಗಿಲುಗಳಿಗೆ ಹಳದಿ ಹೊಡೆದ.

ಒಂಬತ್ತಕ್ಕೆ ಕಜೆಟನ್ ಮಾಸ್ತರರು ಬಂದರು. ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು, ಮೌರಿಸನಿಗೂ ಕಲಿಸಿದವರು. ಬಂದವರು ಕೊಡೆ ಮಡಚಿ, ಹಳದಿ ಬಾಗಿಲನ್ನು ನೋಡಿ ನಿಟ್ಟುಸಿರು ಬಿಟ್ಟರು.

‘‘ಮೂಢನಂಬಿಕೆ. ಬಣ್ಣಕ್ಕೂ ವೇಗಕ್ಕೂ ಸಂಬಂಧವೇ ಇಲ್ಲ ಮೌರಿಸ್.’’

‘‘ಹಾಗಾದ್ರೆ ಯಾವುದಾದರೂ ಆಗ್ತದೆ ಅಲ್ವಾ ಸರ್?’’ ಎಂದ ಮೌರಿಸ್, ಜೀವ ಬಂದಂತಾಗಿ.

‘‘ಯಾವುದಾದರೂ ಹೇಗೆ ಆಗ್ತದೆ? ಬಿಳಿ ಬಣ್ಣ ಬಿಸಿಲನ್ನು ಹೀರುವುದಿಲ್ಲ. ಬಿಸಿಲು ಹೀರದ ಗಾಡಿಗೆ ಆಯಾಸ ಇಲ್ಲ. ಬಿಳಿಯೇ ಹಾಕಬೇಕು.’’

ಗುರುಗಳ ಮಾತು ಮೀರುವುದು ಹೇಗೆ? ಬಾನೆಟ್ಟಿಗೆ ಬಿಳಿ ಬಿತ್ತು. ಹತ್ತಕ್ಕೆ ಗಂಜಿ ತಂದ ಸೆಲೀನ್ ಕಾರಿನ ಸುತ್ತ ಒಂದು ಸುತ್ತು ಬಂದು, ‘‘ಇವತ್ತು ಶನಿವಾರ, ಮರಿಯ ಮಾತೆಯ ದಿವಸ, ಮಾತೆ ಹೊದ್ದದ್ದು ನೀಲಿ. ನೀಲಿ ಬಿಟ್ಟು ಬೇರೆ ಎಂತ ಹಾಕ್ಲಿಕ್ಕೆ ಉಂಟು?’’ ಎಂದಳು. ಅವಳ ದನಿಯಲ್ಲಿ ಇದ್ದದ್ದು ನೀಲಿಯಲ್ಲ, ಬೊಂಬಾಯಿ. ಅದು ಮೌರಿಸನಿಗೆ ಕೇಳಿಸಿತು. ಅವನು ಹಿಂಭಾಗಕ್ಕೆ ನೀಲಿ ಹೊಡೆದ.

ಹನ್ನೊಂದು ಗಂಟೆಯ ಹೊತ್ತಿಗೆ ಕಾರು ಮಕ್ಕಳ ಬುಗರಿಯಂತೆ ಕಾಣುತ್ತಿತ್ತು. ಅಂಗಳದಲ್ಲಿ ಜನ ಸೇರಿದ್ದರು. ಹಳದಿಯವರು ಒಂದು ಕಡೆ, ಬಿಳಿಯವರು ಒಂದು ಕಡೆ ನಿಂತಿದ್ದರು. ನೀಲಿಯ ಕಡೆಗೆ ಸೆಲೀನ್ ಒಬ್ಬಳೇ ಇದ್ದರೂ ಅವಳು ಮನೆಯ ಮೆಟ್ಟಿಲ ಮೇಲೆ ನಿಂತಿದ್ದರಿಂದ ಬಲ ಸಮವಾಗಿತ್ತು. ಯಾರೂ ನಗುತ್ತಿರಲಿಲ್ಲ. ಇಂಥ ಚರ್ಚೆಯಲ್ಲಿ ನಗುವುದು ನಮ್ಮ ಕಡೆ ಪದ್ಧತಿಯಲ್ಲ.

ಆಗ ದರ್ಜಿ ಭೋಜ ಬಂದ. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಕೆಂಪು ವಸ್ತ್ರದ ಕಟ್ಟು. ಹೊಲಿಗೆಯಲ್ಲಿ ಅವನು ಸಾಧಾರಣ. ಕೋಳಿಗಳನ್ನು ಕಾದಾಡಿಸುವ ಅಂಕದಲ್ಲಿ ಮಾತ್ರ ಪಡುಬಿದ್ರೆಯಿಂದ ಪೆರ್ಡೂರಿನವರೆಗೆ ಅವನ ಮಾತು ಕೇಳಿಯೇ ಕೋಳಿಯ ಕಾಲಿಗೆ ಬಾಳುಕತ್ತಿ ಕಟ್ಟುತ್ತಿದ್ದರು. ಅವನು ಕಾರನ್ನು ನೋಡಿದ, ಜನರನ್ನು ನೋಡಿದ.

‘‘ಯಾವ ಬಣ್ಣ ಗೆಲ್ತದೆ ಅಂತ ಬೆಳಿಗ್ಗೆಯಿಂದ ಗಲಾಟೆ ಮಾಡ್ತಾ ಇದ್ದೀರಿ,’’ ಎಂದ. ‘‘ಯಾವ ದಿನ, ಯಾವ ಹೊತ್ತಿಗೆ ಅಂತ ಒಬ್ಬರಾದರೂ ಕೇಳಿದಿರಾ?’’

ಜನ ಅವನ ಸುತ್ತ ಕವಿದರು. ಭೋಜ ಕಟ್ಟು ಬಿಚ್ಚಿ ಕುಕ್ಕುಟ ಪಂಚಾಂಗವನ್ನು ತೆಗೆದ. ಯಾವ ವಾರ, ಯಾವ ಪಕ್ಷ, ದಿನದ ಯಾವ ಹೊತ್ತಿನಲ್ಲಿ ಯಾವ ಬಣ್ಣದ ಕೋಳಿ ಯಾವ ಬಣ್ಣದ ಕೋಳಿಯನ್ನು ಗೆಲ್ಲುತ್ತದೆ ಎಂದು ಹೇಳುವ ಪುಸ್ತಕ ಅದು. ಹುಡುಗಿಯ ಜಾತಕ ನೋಡದೆ ಮದುವೆ ಮಾಡಿದವರು ನಮ್ಮಲ್ಲಿ ಇದ್ದಾರೆ, ಇದನ್ನು ನೋಡದೆ ಕೋಳಿ ಬಿಟ್ಟವರಿಲ್ಲ.

‘‘ಭೋಜಣ್ಣ, ಇದು ಕಾರು,’’ ಎಂದ ಮೌರಿಸ್ ಮೆಲ್ಲನೆ. ‘‘ಕೋಳಿ ಅಲ್ಲ.’’

‘‘ಎರಡನ್ನು ಎದುರುಬದುರು ತಂದು ಬಿಡ್ತಾರಾ?’’

‘‘ಬಿಡ್ತಾರೆ.’’

‘‘ಒಂದು ಗೆಲ್ತದಾ?’’

‘‘ಗೆಲ್ತದೆ.’’

‘‘ಮತ್ತೆಂತ ವ್ಯತ್ಯಾಸ?’’ ಎಂದು ಕೇಳಿ ಭೋಜ ಹಾಳೆ ಮಗುಚಿದ. ‘‘ಕೃಷ್ಣಪಕ್ಷ. ಶನಿವಾರ. ಇಳಿಹೊತ್ತು. ಲೋಬೊರದ್ದು ಕೆಂಪು... ಹಾಂ! ಕೆಂಪಿಗೆ ಕುಪ್ಪುಳೆಯ ಎದುರು ಸೋಲು.’’

ಕುಪ್ಪುಳೆ ಎಂದರೆ ಕೆಂಬೂತದ ಬಣ್ಣದ ಕೋಳಿ: ಮೈಯೆಲ್ಲ ಕಪ್ಪು, ರೆಕ್ಕೆ ಮಾತ್ರ ಕಾವಿ. ದೇವದಾಸ ಕೂಡಲೇ ಹಳದಿಯನ್ನು ಕೈಬಿಟ್ಟ. ಮೂಢನಂಬಿಕೆಯ ವಿರೋಧಿಗಳಾದ ಕಜೆಟನ್ ಮಾಸ್ತರರು ಕನ್ನಡಕ ಹಾಕಿಕೊಂಡು, ‘‘ಸರಿಯಾಗಿ ನೋಡು ಭೋಜ. ಐದು ಗಂಟೆಗೇ ಹೌದಾ?’’ ಎಂದು ಕೇಳಿದರು.

ಮೈಗೆ ಕಪ್ಪು ಎಂಬುದು ತೀರ್ಮಾನವಾಯಿತು. ಆದರೆ ಕಾರಿನ ರೆಕ್ಕೆ ಯಾವುದು? ಬಾಗಿಲು ಎಂದ ದೇವದಾಸ. ಬಿಚ್ಚಿ ಮುಚ್ಚುವುದು ಅದೊಂದೇ ಅಲ್ಲವೇ? ಮಡ್ಗಾರ್ಡು ಎಂದರು ಮಾಸ್ತರರು. ಗಾಳಿಯನ್ನು ಕಡಿಯುವುದು ಅದು. ಈ ಪ್ರಶ್ನೆಗೆ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ಭೋಜ ಕೆಳಗೆ ಕೂತು ಕಾರಿನ ಮುಖವನ್ನು ಎದುರಿನಿಂದ ದಿಟ್ಟಿಸಿ, ಮಡ್ಗಾರ್ಡೇ ರೆಕ್ಕೆ ಎಂದು ತೀರ್ಪು ಕೊಟ್ಟ.

ಒಂದು ಗಂಟೆಗೆ ಮೌರಿಸ್ ಮಡ್ಗಾರ್ಡಿಗೆ ಕಾವಿ, ಮೈಗೆ ಕಪ್ಪು ಹೊಡೆಯಲು ತೊಡಗಿದ. ಎರಡು ಗಂಟೆಗೆ ಕಪ್ಪು ಮುಗಿಯಿತು, ಕಾರು ಮುಗಿಯಲಿಲ್ಲ. ಹಿಂಭಾಗ ಇನ್ನೂ ಮಾತೆಯ ನೀಲಿಯಲ್ಲೇ ಇತ್ತು. ಬಣ್ಣ ತರಬೇಕಾದರೆ ಉಡುಪಿಗೆ ಹೋಗಿ ಬರಬೇಕು, ಅಷ್ಟು ಹೊತ್ತಿಲ್ಲ. ಆಗ ಮಾಸ್ತರರು ಮನೆಗೆ ಹೋಗಿ, ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣದ ಡಬ್ಬಿಯೊಂದನ್ನು ತಂದುಕೊಟ್ಟರು. ನಿವೃತ್ತಿಯ ದಿನ ಅದು ಅವರ ಜೊತೆ ಹೇಗೆ ಮನೆಗೆ ಬಂತೆಂದು ಯಾರೂ ಕೇಳಲಿಲ್ಲ.

ಕರಿಹಲಗೆಯ ಬಣ್ಣ ನಾಲ್ಕು ಗಂಟೆಯಾದರೂ ಒಣಗಲಿಲ್ಲ. ದೇವದಾಸ ಒಂದು ಗೆರಸೆ, ಭೋಜ ಒಂದು ಗೆರಸೆ ಹಿಡಿದು ಬೀಸತೊಡಗಿದರು. ಮಾಸ್ತರರು ಕೊಡೆ ಬಿಚ್ಚಿ ಮುಚ್ಚಿ ಗಾಳಿ ಹಾಕಿದರು. ಈ ಗಾಳಿಗೆ ಬೆದರಿದ ಸೆಲೀನಳ ಹೇಂಟೆಯೊಂದು ಚಪ್ಪರದ ಮೇಲಿಂದ ಹಾರಿ ನೇರ ಕಾರಿನ ಹಿಂಭಾಗದ ಮೇಲೆ ಬಿತ್ತು. ಅದನ್ನು ಕಿತ್ತು ತೆಗೆಯುವಾಗ ಐದಾರು ಗರಿಗಳು ಅಲ್ಲೇ ಅಂಟಿಕೊಂಡವು. ಮೌರಿಸ್ ಅಳುವ ಮುಖ ಮಾಡಿಕೊಂಡು ಗರಿ ಕೀಳಲು ಹೋದರೆ ಭೋಜ ಅವನ ಕೈ ಹಿಡಿದ.

‘‘ಮುಟ್ಟಬೇಡ! ತಾನಾಗಿ ಬಂದ ಗರಿ. ಇದಕ್ಕಿಂತ ಒಳ್ಳೆಯ ಶಕುನ ಉಂಟಾ ಮಾರಾಯ?’’

ನಾಲ್ಕೂವರೆಗೆ ಶೆಟ್ಟರು ಬಂದರು. ಕಪ್ಪು ಮೈ, ಕಾವಿ ಮಡ್ಗಾರ್ಡು, ಹಿಂದೆ ಗರಿ. ಮೌರಿಸ್ ಕೈಯ ಬಣ್ಣ ಒರೆಸಿಕೊಂಡು ಬದಿಗೆ ಸರಿದ. ಶೆಟ್ಟರು ಕಾರನ್ನು ಬಹಳ ಹೊತ್ತು ನೋಡಿದರು.

‘‘ಕುಪ್ಪುಳೆ?’’ ಎಂದರು.

‘‘ಹೌದು ಶೆಟ್ರೇ. ಶನಿವಾರ, ಕೃಷ್ಣಪಕ್ಷ.’’

ಶೆಟ್ಟರು ಚಪ್ಪಲಿ ಬಿಟ್ಟು, ಬಾನೆಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕಾರು ಹತ್ತಿದರು.

ಕಡಲ ಬದಿಗೆ ಕಾಪುವಿನ ಅರ್ಧ ಜನ ಬಂದಿದ್ದರು. ಲೋಬೊರ ಕೆಂಪು ಕಾರು ಬಾಣದಂತೆ ಹೊರಟಿತು. ಶೆಟ್ಟರದ್ದು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹೊರಟಿತು. ಅರ್ಧ ಮೈಲಿನವರೆಗೆ ಕೆಂಪು ಕಾರು ಎಷ್ಟು ಮುಂದಿತ್ತೆಂದರೆ ಮೌರಿಸ್ ಕಣ್ಣು ಮುಚ್ಚಿ ‘ನಮೋ ಮರಿಯೆ’ ಹೇಳತೊಡಗಿದ್ದ. ಅವನು ಕಣ್ಣು ಬಿಟ್ಟಾಗ ಲೋಬೊರ ಹಿಂದಿನ ಚಕ್ರ ಒದ್ದೆ ಮರಳಿನಲ್ಲಿ ಹೂತು ಗಿರಗಿರನೆ ತಿರುಗುತ್ತಿತ್ತು. ಶೆಟ್ಟರು ಕೆಮ್ಮುತ್ತಲೇ ಅವರನ್ನು ದಾಟಿ ಹೋಗುತ್ತಿದ್ದರು.

ಜನ ಕೂಗಿದ ಕೂಗಿಗೆ ಕಾಗೆಗಳು ಎದ್ದುಹೋದವು. ದೇವದಾಸ ಮೌರಿಸನನ್ನು ಎತ್ತಿಕೊಂಡು ಕುಣಿದ. ಮೌರಿಸನ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳುವ ನಾಚಿಕೆಯೂ ಅವನಿಗೆ ಆಗಲಿಲ್ಲ. ಮೂರು ಬಸ್ಸಿಗೂ ಕೆನೆ ಬಣ್ಣ, ನಡುವಿಗೆ ದಪ್ಪ ಹಸಿರು ಪಟ್ಟಿ ಎಂದು ಅವನು ಅಲ್ಲೇ ನಿಶ್ಚಯಿಸಿದ.

ಶೆಟ್ಟರು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ‘‘ನೀವು ಹೇಳಿದ್ದು ನೂರಕ್ಕೆ ನೂರು ಸತ್ಯ ಪೊರ್ಬುಗಳೇ! ಓಟ ಇರುವುದೇ ಬಣ್ಣದಲ್ಲಿ. ನನ್ನ ಕಣ್ಣು ತೆರೆಸಿದಿರಿ.’’

‘‘ಎಲ್ಲ ನಿಮ್ಮ ದಯೆ ಶೆಟ್ರೇ. ಬಸ್ಸಿನ ಕೆಲಸ ಸೋಮವಾರ ಶುರು ಮಾಡಲಾ?’’

‘‘ಅದನ್ನೇ ಹೇಳ್ತೇನೆ,’’ ಎಂದರು ಶೆಟ್ಟರು. ಅವರ ಮುಖ ಗಂಭೀರವಾಯಿತು. ‘‘ಭೋಜ, ಈ ಕುಪ್ಪುಳೆ ಸೋಮವಾರ ಗೆಲ್ತದಾ?’’

ಭೋಜ ಪುಸ್ತಕ ನೋಡಿದ. ‘‘ಸೋಮವಾರ ಸೋಲ್ತದೆ ಶೆಟ್ರೇ.’’

‘‘ವಾರದ ಏಳು ದಿನವೂ ಗೆಲ್ಲುವ ಬಣ್ಣ ಯಾವುದಾದರೂ ಉಂಟಾ?’’

‘‘ಅಂಥದ್ದು ಇದ್ದರೆ ಅಂಕವೇ ನಡೆಯುವುದಿಲ್ಲ ಅಲ್ವಾ?’’

‘‘ನೋಡಿ,’’ ಎಂದು ಶೆಟ್ಟರು ಮೌರಿಸನ ಕಡೆ ತಿರುಗಿದರು. ‘‘ನನ್ನ ಬಸ್ಸು ವಾರಕ್ಕೆ ಏಳು ದಿನ ಓಡಬೇಕು. ಒಂದು ಬಣ್ಣ ಹಾಕಿದೆ ಅಂತ ಇಟ್ಟುಕೊಳ್ಳಿ. ಸೋಲುವ ದಿನ ಶಿರ್ವದ ತಿರುವಿನಲ್ಲಿ ಎಂತ ಆದೀತು? ಐವತ್ತು ಜನರ ಜೀವ.’’ ಮತ್ತೆ ಭೋಜನನ್ನು ಕೇಳಿದರು: ‘‘ಬಣ್ಣವೇ ಇಲ್ಲದ ಕೋಳಿ ಪಂಚಾಂಗದಲ್ಲಿ ಉಂಟಾ?’’

‘‘ಇಲ್ಲ ಶೆಟ್ರೇ.’’

‘‘ಹಾಗಾದ್ರೆ ಅದಕ್ಕೆ ಸೋಲುವ ದಿನವೂ ಇಲ್ಲ. ಬಸ್ಸುಗಳು ತಗಡಿನಲ್ಲೇ ಓಡಲಿ.’’

ಸುತ್ತ ನಿಂತವರೆಲ್ಲ ತಲೆದೂಗಿದರು. ಮಾಸ್ತರರೂ ದೂಗಿದರು. ಮೌರಿಸ್ ಶೆಟ್ಟರ ಎದುರಿಗೆ ಬಂದು ನಿಂತ. ಅವನು ಜೀವಮಾನದಲ್ಲಿ ಎಂದೂ ಮಾಡದ ಧೈರ್ಯ ಮಾಡಿದ.

‘‘ಶೆಟ್ರೇ, ಬಣ್ಣದಲ್ಲಿ ಎಂತದೂ ಇಲ್ಲ. ದೇವರಾಣೆ. ಕೆಲಸದ ಆಸೆಗೆ ನಾನು ಸುಮ್ಮನೆ ಬಿಟ್ಟ ಮಾತು ಅದು. ಲೋಬೊರ ಚಕ್ರ ಹೂತದ್ದರಿಂದ ನೀವು ಗೆದ್ದದ್ದು.’’

ಶೆಟ್ಟರು ಅವನ ಬೆನ್ನು ತಟ್ಟಿದರು. ‘‘ತಿಳಿದವರು ಹೀಗೇ ಮಾತಾಡುವುದು. ಹೂತದ್ದು ಕೆಂಪು ಚಕ್ರವೇ ಯಾಕೆ, ಹೇಳಿ ನೋಡುವ?’’

ಕೊನೆಯ ಆಸೆ ಲೋಬೊ. ಕೆಂಪು ಹಾಕಿಸಿ ಸೋತವರಿಗೆ ಬೇರೆ ಬಣ್ಣ ಬೇಕಾಗುವುದಿಲ್ಲವೇ? ಮೌರಿಸ್ ಅವರ ಹತ್ತಿರ ಹೋಗಿ ನಿಂತ. ಲೋಬೊ ಆಗಲೇ ಭೋಜನ ಪಂಚಾಂಗವನ್ನು ಕೈಯಲ್ಲಿ ಹಿಡಿದು ಓದುತ್ತಿದ್ದರು.

‘‘ಬೇಡ ಮೌರಿಸ್,’’ ಎಂದರು ತಲೆ ಎತ್ತದೆ. ‘‘ಕೆಂಪಿಗೆ ಬರುವ ಗುರುವಾರ ಗೆಲುವು ಉಂಟು. ಬಣ್ಣ ಬದಲಿಸುವುದಕ್ಕಿಂತ ದಿನ ಬದಲಿಸುವುದು ಸುಲಭ.’’

ಕತ್ತಲಾಗುವ ಮೊದಲು ಮೌರಿಸ್ ಮನೆ ತಲುಪಿದ. ಸೆಲೀನ್ ಮಗುವನ್ನೆತ್ತಿಕೊಂಡು ಮೆಟ್ಟಿಲಲ್ಲೇ ಕಾಯುತ್ತಿದ್ದಳು.

‘‘ಎಂತ ಆಯ್ತು?’’

‘‘ಗೆದ್ದಿತು.’’

‘‘ದೇವರು ದೊಡ್ಡವನು! ಹಾಗಾದ್ರೆ ಬಸ್ಸು?’’

‘‘ಗೆದ್ದದ್ದರಿಂದ ಇಲ್ಲ,’’ ಎಂದು ಮೌರಿಸ್ ನಡೆದದ್ದನ್ನೆಲ್ಲ ಹೇಳಿದ. ಸೆಲೀನ್ ಕೊನೆಯವರೆಗೂ ಕೇಳಿ, ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. ಆಮೇಲೆ ಕೇಳಿದಳು:

‘‘ಸೋತಿದ್ದರೆ?’’

‘‘ಸೋತಿದ್ದರೂ ಇಲ್ಲ.’’

‘‘ಮತ್ತೆ ಬೇಸರ ಎಂತಕ್ಕೆ? ಹೇಗೂ ಬೊಂಬಾಯಿಗೆ ಹೋಗುವುದೇ ಅಂತಾದರೆ ಗೆದ್ದು ಹೋಗುವುದು ಒಳ್ಳೆಯದಲ್ವಾ,’’ ಎಂದು ಹೇಳಿ, ಸೆಲೀನ್ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಸ್ನಾನಕ್ಕೆ ನೀರು ಕಾಯಿಸಲು ಒಳಗೆ ಹೋದಳು.