ಹಸುವಿನ ಸಹಿ ಮತ್ತು ಅತ್ತೆಯ ಎಂಬಿಎ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಸೋದರತ್ತೆಯ ಎಂಬಿಎ ದಡದ ಹತ್ತಿರ ಬಂದು ಮುಳುಗುವುದರಲ್ಲಿತ್ತು. ಮುಳುಗಿದ್ದರೆ ಅದರ ಪೂರ್ತಿ ಕೀರ್ತಿ ನನ್ನೊಬ್ಬನಿಗೇ ಸಲ್ಲಬೇಕಿತ್ತು. ಮುಳುಗಲಿಲ್ಲ. ಅಬ್ಬಾ! ಇದನ್ನು ಬರೆಯುವಾಗಲೂ ಒಂದು ಲೋಟ ನೀರು ಕುಡಿದು, ಎದೆ ಸವರಿಕೊಂಡು ಮುಂದುವರಿಸುತ್ತಿದ್ದೇನೆ.

ನನ್ನ ಪರಿಚಯ ಬೇಗ ಮುಗಿಯುತ್ತದೆ. ರಾಬರ್ಟ್‌ಸನ್‌ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ, ಊರವರ ದನಿ ಕದ್ದು ಮಾತಾಡುವುದು ಚಟ. ಬಸ್ ಕಂಡಕ್ಟರಿನ ಕೂಗಿನಿಂದ ಹಿಡಿದು ನಮ್ಮಪ್ಪನ ಕೆಮ್ಮಿನವರೆಗೆ ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕು.

ಅತ್ತೆಯ ಪರಿಚಯ ಅಷ್ಟು ಸುಲಭವಲ್ಲ. ಹಸುವಿನ ಹತ್ತಿರ ಸಹಿ ಹಾಕಿಸಿಕೊಳ್ಳಲು ಹೋದ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿನಿ ಈ ಭೂಮಿಯ ಮೇಲೆ ಅವಳೊಬ್ಬಳೇ ಇರಬೇಕು!

ಬಂಗಾರಪೇಟೆ ಪಕ್ಕದ ಹಳ್ಳಿ ನಮ್ಮದು. ಅತ್ತೆ ನಮ್ಮ ಜೊತೆಯಲ್ಲೇ ಇದ್ದು, ದಿನಾ ಬೆಳಿಗ್ಗೆ ರೈಲು ಹತ್ತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಅಲ್ಲಿ ಒಂದು ಸಾಲು ಹೊಲಿಗೆ ಮೆಷಿನ್ನುಗಳಿಗೆ ಸೂಪರ್‌ವೈಸರು. ‘ಎಚ್.ಆರ್. ಆಫೀಸಿನಲ್ಲಿ ಇನ್ನೆರಡು ವರ್ಷದಲ್ಲಿ ಒಂದು ಕುರ್ಚಿ ಖಾಲಿಯಾಗುತ್ತೆ, ಎಂಬಿಎ ಮಾಡಿಕೊಂಡು ಬನ್ನಿ ನೋಡೋಣ’ ಎಂದು ಯಾರೋ ಅಂದರಂತೆ. ಅವರು ಮಾತಿಗೆ ಅಂದದ್ದೇ ಇರಬೇಕು. ಅತ್ತೆ ಆ ವಾರವೇ, ನಲವತ್ತನಾಲ್ಕರ ಪ್ರಾಯದಲ್ಲಿ, ಆನ್‌ಲೈನ್ ಎಂಬಿಎಗೆ ಸೇರಿಬಿಟ್ಟಳು. ವಿಷಯ: ಮಾನವ ಸಂಪನ್ಮೂಲ ನಿರ್ವಹಣೆ.

“ಅಂಗಂದ್ರೆ ಏನೇ?” ಎಂದಳು ಅಜ್ಜಿ.

“ಜನಗಳ್ನ ಎಂಗ್ ನೋಡ್ಕೋಬೇಕು ಅಂತ ಕಲಿಸ್ತಾರೆ ಕಣವ್ವಾ.”

“ಅದುಕ್ಕೆ ಎಲ್ಡ್ ವರ್ಸ ಯಾಕೆ? ಅನ್ನೊಂದು ಜನಾನ ನಾನು ಈ ಸೌಟಲ್ಲೇ ನೋಡ್ಕಂಡಿಲ್ವಾ?”

ಅತ್ತೆಯ ಕ್ಲಾಸುಗಳು ನಡೆಯುತ್ತಿದ್ದದ್ದು ಹೆಂಗಸರ ಬೋಗಿಯಲ್ಲಿ. ಫೋನಿಗೆ ಆ್ಯಪ್ ಹಾಕಿಕೊಟ್ಟವನು ನಾನೇ. ರೈಲು ಹೊರಟು ಸ್ವಲ್ಪ ದೂರಕ್ಕೆ ನೆಟ್‌ವರ್ಕ್ ಮಾಯವಾಗುತ್ತಿದ್ದುದರಿಂದ ಅತ್ತೆಗೆ ಯಾವ ಸಿದ್ಧಾಂತವೂ ಅರ್ಧಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಇನ್ನರ್ಧವನ್ನು ಬೋಗಿಯ ಹೆಂಗಸರು ತುಂಬಿಸಿಕೊಡುತ್ತಿದ್ದರು. ಒಮ್ಮೆ ಮೇಷ್ಟ್ರು, “ಕಾರ್ಮಿಕರಿಗೆ ಉತ್ಸಾಹ ತುಂಬಲು ಮೊದಲು ಏನು ಮಾಡಬೇಕು?” ಎಂದು ಕೇಳಿದರಂತೆ. ಅತ್ತೆ ಪುಸ್ತಕ ತಿರುವುವಷ್ಟರಲ್ಲಿ ಪಕ್ಕದಲ್ಲಿ ಹೂ ಕಟ್ಟುತ್ತಿದ್ದವಳು ಫೋನಿಗೇ ಬಗ್ಗಿ, “ಮೊದ್ಲು ಕೇಳಿದ್ ತಕ್ಷಣ ಬಾತ್‌ರೂಮಿಗೆ ಓಗಕ್ಕೆ ಬಿಡಿ ಸಾರ್!” ಎಂದಳು. ಮೇಷ್ಟ್ರು, “ಬರೆದುಕೊಳ್ಳಿ ಎಲ್ಲರೂ” ಎಂದರಂತೆ!

ಇಷ್ಟೇ ಆಗಿದ್ದರೆ ನಮಗೇನೂ ತೊಂದರೆಯಿರಲಿಲ್ಲ. ಕಲಿತದ್ದನ್ನು ಅತ್ತೆ ಮನೆಗೆ ತರತೊಡಗಿದಳು. ವರ್ಷದ ಕೊನೆಗೆ ಎಲ್ಲರ ಕೆಲಸದ ಮೌಲ್ಯಮಾಪನ, ಅದರ ಪ್ರತಿ ಮೇಷ್ಟ್ರಿಗೂ! ಅಪ್ಪನ ಹಾಳೆಯಲ್ಲಿ ಹೀಗಿತ್ತು: “ಹೊಲದ ಕೆಲಸ ಉತ್ತಮ. ಕುಡಿದ ಲೋಟ ಕುಡಿದಲ್ಲೇ ಬಿಡುವುದರಲ್ಲಿ ಅತ್ಯುತ್ತಮ.” ನಮ್ಮ ಸೀಮೆಹಸುವಿಗೆ ಶಿಸ್ತಿನಲ್ಲಿ ಹತ್ತಕ್ಕೆ ಒಂಬತ್ತು, ಬಹುಮಾನವಾಗಿ ಒಂದು ಸೇರು ಬೂಸಾ ಜಾಸ್ತಿ. ನನಗೆ? “ಪ್ರತಿಭೆ ಇದೆ. ಪ್ರಯೋಜನ ಕಂಡುಬಂದಿಲ್ಲ.” ಅಂಕ ನಾಲ್ಕು.

ಹಸುವಿಗೆ ಒಂಬತ್ತು, ನನಗೆ ನಾಲ್ಕು! ಯಾವ ಗಂಡಸು ಸಹಿಸುತ್ತಾನೆ ಹೇಳಿ?

ಮಾರನೆಯ ದಿನವೇ ಅಂಗಡಿಯ ಫೋನಿನಿಂದ ಮೇಷ್ಟ್ರ ದನಿಯಲ್ಲಿ ಕರೆ ಮಾಡಿದೆ. ಅತ್ತೆಯ ಫೋನಿನಲ್ಲಿ ನಾನೂ ಕೇಳಿದ್ದೆ, ಅವರದು ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುವ ದನಿ. ಪ್ರತಿ ಮಾತಿಗೂ ‘ನೋಡಿ ಮೇಡಂ’ ಬೇಕು. “ನೋಡಿ ಮೇಡಂ, ನೀವು ಕಳಿಸಿದ ಹಸುವಿನ ಮೌಲ್ಯಮಾಪನ ಚೆನ್ನಾಗಿದೆ. ಆದರೆ, ನೋಡಿ ಮೇಡಂ, ಅದರ ಮೇಲೆ ಉದ್ಯೋಗಿಯ ಸಹಿಯೇ ಇಲ್ಲವಲ್ಲ?”

ಸಂಜೆ ಮನೆಗೆ ಬಂದು ನೋಡುತ್ತೇನೆ, ಅತ್ತೆ ಇಂಕ್ ಪ್ಯಾಡ್ ಹಿಡಿದು ಕೊಟ್ಟಿಗೆಯಲ್ಲಿ ಕೂತಿದ್ದಾಳೆ! “ಒಂದೇ ಒಂದು ಒತ್ತು ಕಣಮ್ಮಾ” ಎಂದು ಹಸುವಿನ ಕಾಲು ಹಿಡಿದು ಬೇಡುತ್ತಿದ್ದಾಳೆ. ಹಸು ಒದೆಯಿತು. ಪ್ಯಾಡು ಗೊಂತಿನಡಿಗೆ ಹಾರಿತು, ಅತ್ತೆಯ ಕೆನ್ನೆ ನೀಲಿಯಾಯಿತು. ಹುಲ್ಲಿನ ಬಣವೆಯ ಹಿಂದೆ ನಗು ತಡೆಯಲಾಗದೆ ನಾನು ಸಿಕ್ಕಿಬಿದ್ದೆ. “ನೀನೇನ್ಲಾ ಅದು!” ಎಂದಳು ಅಷ್ಟೇ. ಆಮೇಲೂ ನಾನು ಬಿಡಲಿಲ್ಲ, ಬೇರೆ ಬೇರೆ ನಂಬರಿನಿಂದ ಇನ್ನೂ ಐದಾರು ಸಲ ಮೇಷ್ಟ್ರಾದೆ. ಪ್ರತಿ ಸಲವೂ ನನ್ನ ಬಣ್ಣ ಬಯಲಾಗಿ, ಫೋನಿನಲ್ಲೇ ಮಂಗಳಾರತಿ ಆಯಿತು.

ಕೊನೆಗೆ ವೈವಾ ಬಂತು. ಭಾನುವಾರ ಬೆಳಿಗ್ಗೆ, ವಿಡಿಯೋದಲ್ಲಿ. ಇದರಲ್ಲಿ ಪಾಸಾದರೆ ಪದವಿ, ಪದವಿ ಬಂದರೆ ಕುರ್ಚಿ. ತಪ್ಪಿದರೆ ಆ ಕುರ್ಚಿಗೆ ಬೇರೆಯವರು ಕಾಯುತ್ತಿದ್ದರು. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು ಫೋನಿನ ಮುಂದೆ ಕೂತಳು. ನಾನು ದೇವರಾಣೆಗೂ ಒಳ್ಳೆಯ ಬುದ್ಧಿಯಿಂದ, ಅವಳಿಗೆ ಗಲಾಟೆಯಾಗದಿರಲಿ ಎಂದು, ಡೈರಿಯ ಕಡೆ ಹೋದೆ. ಅದೇ ತಪ್ಪಾಯಿತು! ಕರೆಂಟು ಹೋಗಿ ನೆಟ್ ನಿಂತಿತು, ವಿಡಿಯೋ ಬರಲಿಲ್ಲ, ಪಾಪ ಮೇಷ್ಟ್ರು ಬೇರೊಂದು ನಂಬರಿನಿಂದ ಫೋನ್ ಮಾಡಿದರು.

“ನೋಡಿ ಮೇಡಂ, ಫೋನಿನಲ್ಲೇ ವೈವಾ ಮುಗಿಸೋಣವೇ?”

“ಲೇ ಕೋತಿ! ಇವತ್ತೊಂದಿನಾನಾದ್ರೂ ಬಿಡ್ಲಾ!” ಎಂದು ಅತ್ತೆ ಕಟ್ ಮಾಡಿದಳಂತೆ. ಅವರು ಮತ್ತೆ ಮಾಡಿದರು, ಇವಳು ಮತ್ತೆ ಕಟ್ ಮಾಡಿದಳು. ಮೂರನೆಯ ಸಲ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, “ಆ ಮೇಷ್ಟ್ರಿಗೂ ಇಷ್ಟು ಕೆಟ್ ಮೂಗಿಲ್ಲ ಕಣ್ಲಾ! ಸಗಣಿ ಬಾಚಿದ್ಯಾ? ಮನೇಗ್ ಬಾ, ಪೊರಕೇಲಿ ಕೊಡ್ತೀನಿ!” ಎಂದು ಬೈಯುತ್ತಿರುವಾಗ, ಕೈಯಲ್ಲಿ ಹಾಲಿನ ಕ್ಯಾನ್ ಹಿಡಿದು ನಾನು ಬಾಗಿಲಲ್ಲಿ ಬಂದು ನಿಂತೆ.

ಅತ್ತೆ ನನ್ನನ್ನು ನೋಡಿದಳು. ಫೋನ್ ನೋಡಿದಳು. ಮತ್ತೆ ನನ್ನನ್ನು ನೋಡಿದಳು.

ಅವಳ ಮುಖದಲ್ಲಿದ್ದ ರಕ್ತವೆಲ್ಲ ಎಲ್ಲಿಗೆ ಹೋಯಿತೋ! ಸ್ಪೀಕರ್ ಒತ್ತಿದಳು. “ಸಾರ್... ತೆಪ್ಪಾಯ್ತು ಸಾರ್.” ಉಸಿರಿಗೆ ಸಿಕ್ಕಿದ ಮಾತಿನಲ್ಲೇ ನನ್ನ ಮಿಮಿಕ್ರಿಯ ಚರಿತ್ರೆಯನ್ನೆಲ್ಲ ಹೇಳಿದಳು. ನಾನು ಬಾಗಿಲ ಹಿಂದೆ ಸರಿದು ನಿಂತೆ. ಎರಡು ವರ್ಷದ ರೈಲು, ಎರಡು ವರ್ಷದ ಓದು, ಎಲ್ಲ ನನ್ನ ನಾಲಿಗೆ ನುಂಗಿತ್ತು.

ಆ ಕಡೆಯಿಂದ ಮೂಗಿನ ಶಬ್ದ ಬಂತು. “ನೋಡಿ ಮೇಡಂ, ಹಾಗಿದ್ದರೆ ಮೊದಲ ಪ್ರಶ್ನೆ ಇದೇ. ಆ ಹುಡುಗನ ಮೇಲೆ ಏನು ಕ್ರಮ ಕೈಗೊಳ್ಳುತ್ತೀರಿ?”

“ಮೊದ್ಲು ಅವ್ನ ಮಾತು ಕೇಳ್ತೀನಿ ಸಾರ್. ಕೇಳ್ದೆ ಯಾರ್ಗೂ ಶಿಕ್ಷೆ ಕೊಡಬಾರ್ದು.”

“ಸರಿ. ನಿಮಗೆ ಈ ಎಚ್.ಆರ್. ಯಾಕೆ ಬೇಕು?”

ಅತ್ತೆ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಹೇಳಿದಳು. “ಈ ಉಡ್ಗನೇ ಸಾರ್ ಕಾರಣ. ಇವ್ನು ನಾಲ್ಕ್ ವರ್ಸದೋನಿದ್ದಾಗ ಜ್ವರ ಬಂದು ಆಸ್ಪತ್ರೇಲಿ ಮಲಗಿದ್ದ. ಇವ್ರಮ್ಮ ಹಸೀ ಬಾಣಂತಿ. ಆಗ ನಾನಿದ್ದ ಕಾರ್ಖಾನೇಲಿ ರಜ ಕೇಳ್ದೆ. ಅಣ್ಣನ ಮಗ ಕುಟುಂಬದ ಪಟ್ಟೀಲಿ ಬರಲ್ಲ ಅಂದ್ರು. ಕೆಲ್ಸ ಬಿಟ್ಟು ಬಂದು ಇವ್ನ ಪಕ್ಕ ಕೂತ್ಕಂಡೆ. ಆವತ್ತೇ ಅಂದ್ಕಂಡೆ ಸಾರ್, ಒಂದಿನ ಆ ಟೇಬಲ್ ಆಚೆ ನಾನು ಕೂರ್ಬೇಕು, ರಜ ಕೇಳ್ಕಂಡು ಬಂದೋರಿಗೆ ಮೊದ್ಲು ಕುರ್ಚಿ ಆಕಿ ಕೂರಿಸ್ಬೇಕು ಅಂತ.”

ಈ ವಿಷಯವನ್ನು ನನಗೆ ಯಾರೂ ಹೇಳಿರಲಿಲ್ಲ. ಹಾಲಿನ ಕ್ಯಾನ್ ಕೆಳಗಿಡುವುದನ್ನೂ ಮರೆತು ನಿಂತಿದ್ದೆ.

ಮೇಷ್ಟ್ರು ಇನ್ನೂ ನಾಲ್ಕಾರು ಪ್ರಶ್ನೆ ಕೇಳಿದರು. ಕೊನೆಯಲ್ಲಿ ಅವರ ದನಿ ಮೂಗಿನಲ್ಲಿರಲಿಲ್ಲ. “ಪಾಸಾಗಿದ್ದೀರಿ ಮೇಡಂ” ಎಂದರು. ‘ನೋಡಿ’ ಎನ್ನುವುದನ್ನೂ ಮರೆತಿದ್ದರು! ಒಳಗಿನಿಂದ ಅಜ್ಜಿ, “ಏನಂತೆ?” ಎಂದು ಕೂಗಿದಳು. ಅಪ್ಪ ಕಾಫಿ ಲೋಟವನ್ನು ತಾನೇ ತೊಳೆದಿಟ್ಟ. ನಮ್ಮ ಮನೆಯ ಹೆಂಚುಗಳೂ ಆವತ್ತು ಉಸಿರು ಬಿಟ್ಟಿರಬೇಕು.

ನಾನು ಅತ್ತೆಯ ಹತ್ತಿರ ಹೋದೆ. ಎಲ್ಲೆಲ್ಲೋ ಹುಡುಕಿ ನನ್ನ ಸ್ವಂತ ದನಿಯನ್ನು ಹೊರಗೆ ತಂದೆ. “ಅತ್ತೇ, ತಪ್ಪಾಯ್ತು ಅತ್ತೆ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕಡೆ ನೋಡದೆಯೇ ಅಂದಳು:

“ಬಾಯಲ್ ಯೋಳಿದ್ರೆ ಯಾರ್ ಯೋಳ್ತಾವ್ರೋ ನಂಗೇನ್ ಗೊತ್ತಾಯ್ತದೆ? ಬರ್ದು ಸಹಿ ಆಕ್ಕೊಡ್ಲಾ. ಇಂಕ್ ಪ್ಯಾಡು ಕೊಟ್ಟಿಗೇಲೈತೆ.”