ಅಮೆರಿಕದ ಸಾರಮ್ಮನ ತವರು

ನಮ್ಮ ಕಡೆ ಯಾರದಾದರೂ ಮನೆತನದ ಮೂಲ ವಿಚಾರಿಸಿದರೆ ಅದಕ್ಕೆ ಒಂದೇ ಅರ್ಥ, ಮದುವೆ. ಇದು ಗೊತ್ತಿದ್ದೂ ನಾನು ಅದೇ ಕೆಲಸಕ್ಕೆ ಸೇರಿದೆ. ಪೇಚಿಗೆ ಸಿಕ್ಕದ ದಿನವೇ ಇರಲಿಲ್ಲ.

ಎರಡು ಸಾವಿರದ ಐದಾರರ ಮಾತು. ಚಾಮರಾಜನಗರದ ಕಂಪ್ಯೂಟರ್ ಸೆಂಟರೊಂದರಲ್ಲಿ ಅಮೆರಿಕದ ಹಳೇ ರಿಜಿಸ್ಟರುಗಳನ್ನು ನೋಡಿ ಟೈಪ್ ಮಾಡುತ್ತಿದ್ದೆ. ಅಲ್ಲಿನ ಒಬ್ಬರಿಗೆ ತಮ್ಮ ಮುತ್ತಜ್ಜಿ ಸಾರಾಳ ಹೆತ್ತವರು ಯಾರೆಂದು ತಿಳಿಯಬೇಕಿತ್ತು. ಎರಡು ಮದುವೆಯಾಗಿ ಗಂಡಂದಿರ ಅಡ್ಡಹೆಸರು ಬಂದದ್ದೇ ತಡ, ಆಕೆಯ ತವರಿನ ಸುಳಿವೇ ಅಳಿಸಿಹೋಗಿತ್ತು. "ಶನಿವಾರದೊಳಗೆ ಹುಡುಕಿದ್ರೆ ನಿನ್ನ ಕೆಲಸ ಖಾಯಂ. ಇಲ್ದಿದ್ರೆ ಬೇರೆ ಕಡೆ ನೋಡ್ಕೋ" ಎಂದರು ಮ್ಯಾನೇಜರು. ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ.

೧. ಬಸ್ಸಿನಲ್ಲಿ

ಗುಂಡ್ಲುಪೇಟೆ ಬಸ್ಸಿನಲ್ಲಿ ಗೆಳತಿಗೆ ಫೋನಿನಲ್ಲಿ ಗೋಳು ತೋಡಿಕೊಳ್ಳುತ್ತಿದ್ದೆ. "ಅಪ್ಪ ಯಾರೂಂತ್ಲೇ ಗೊತ್ತಿಲ್ಲ ಕಣೇ. ಮೇಲೆ ಎರಡು ಮದುವೆ ಬೇರೆ."

ಪಕ್ಕದ ಹೆಂಗಸು ನನ್ನ ಕೈ ಹಿಡಿದರು. "ಅಂಥಾ ಮನೆ ಸಂಬಂಧ ಬ್ಯಾಡ ಕಣಮ್ಮಿ."

"ಅಯ್ಯೋ, ಆಕೆ ಸತ್ತು ನೂರು ವರ್ಷ ಆಯ್ತು!"

"ಸತ್ರೇನಮ್ಮಿ? ಮನೆತನ ಅದೇ ಅಲ್ವಾ?"

೨. ಹೆಳವರ ಪುಸ್ತಕ

ಉಮ್ಮತ್ತೂರಿಗೆ ಹೆಳವರು ಬಂದಿದ್ದಾರೆಂದು ಗೆಳತಿ ಹೇಳಿದಳು. ಮನೆಮನೆಯ ವಂಶಾವಳಿ ಬರೆದಿಟ್ಟು ಓದಿ ಹೇಳುವವರು. ದಿಕ್ಕುಗೆಟ್ಟ ನಾನು ಅಲ್ಲಿಗೂ ಓಡಿದೆ.

"ಮೂಲ ಊರು ಯಾವ್ದವ್ವ?" ಎಂದರು ಮುದುಕರು.

"ಅಮೆರಿಕ."

ಅವರು ನಗಲಿಲ್ಲ. ಪುಸ್ತಕವನ್ನು ಕೊನೆಯ ಹಾಳೆವರೆಗೂ ತಿರುವಿದರು. "ಅಣ್ತಮ್ಮದೀರು ಊರುಗಳ ಪಾಲು ಮಾಡ್ಕೊಂಡಾಗ ಆ ಕಡೇದೆಲ್ಲ ನಮ್ಮಣ್ಣನಿಗೆ ಓಯ್ತು ಕಣವ್ವ. ಅವನ್ನೇ ಕೇಳು."

೩. ಅಜ್ಜಿಯ ಲೆಕ್ಕಾಚಾರ

ಶುಕ್ರವಾರ ಸಂಜೆ ಭೀಮನಬೀಡಿನ ನಮ್ಮ ಜಗಲಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಕೆಲಸ ಹೋಗುತ್ತದೆಂದು ಅಳುವೇ ಬಂದಿತ್ತು.

"ಯಾಕಮ್ಮಿ, ಕಾಲು ಸುಟ್ಟ ಬೆಕ್ಕಿನಂಗೆ ಸುತ್ತೀಯೆ?" ಎಂದಳು ಅಜ್ಜಿ. ಎಲ್ಲ ಹೇಳಿದೆ.

"ಆ ಸಾರಮ್ಮನ ಹೆಣ್ಣುಮಕ್ಕಳ ಹೆಸ್ರೇನು?"

"ದೊಡ್ಡವಳು ಎಮಿಲಿ, ಎರಡನೆಯವಳು ಹ್ಯಾನಾ."

"ದೊಡ್ಡವಳಿಗೆ ಅತ್ತೆ ಹೆಸ್ರು ಇಟ್ಟವ್ಳೆ, ಅವಳ ಬಾಯಿ ಮುಚ್ಚಿಸ್ಬೇಕಲ್ಲ! ಎರಡ್ನೇವಳಿಗೆ ಹೆತ್ತವ್ವನ ಹೆಸ್ರು. ನಾನೂ ಅಂಗೇ ಮಾಡಿದ್ದು."

ಕೈಲಿದ್ದ ಕಾಗದ ನೋಡಿದರೆ ಸಾರಾಳ ಅತ್ತೆ ನಿಜಕ್ಕೂ ಎಮಿಲಿ! ಬೆಳಿಗ್ಗೆ ಮೊದಲ ಬಸ್ಸಿಗೇ ಓಡಿದೆ. ಸಾರಾ ಹುಟ್ಟಿದ ಊರಿನ ಚರ್ಚ್ ರಿಜಿಸ್ಟರಿನಲ್ಲಿ ಸಾರಾ ಎಂಬ ಹೆಸರಿನವರು ಹನ್ನೆರಡು ಮಂದಿ. ಅವರಲ್ಲಿ ಹ್ಯಾನಾ ಎಂಬ ತಾಯಿಗೆ ಹುಟ್ಟಿದವಳು ಮಾತ್ರ ಒಬ್ಬಳೇ. ಅವಳ ತವರಿನ ಅಡ್ಡಹೆಸರು ತಮ್ಮ ಮನೆಯ ಹಳೇ ಕಾಗದದಲ್ಲೂ ಇದೆಯೆಂದು ಅಮೆರಿಕದವರು ಕುಣಿದಾಡಿ ಉತ್ತರ ಬರೆದರು, ಜೊತೆಗೆ ತಮ್ಮ ಫೋಟೊ ಕಳಿಸಿದರು. ನನ್ನ ಕೆಲಸ ಖಾಯಂ ಆಯಿತು.

ಫೋಟೊ ಪ್ರಿಂಟ್ ಹಾಕಿಸಿ ಅಜ್ಜಿಯ ಕೈಗಿಟ್ಟೆ. ಎಪ್ಪತ್ತು ದಾಟಿದ ಬೋಳುತಲೆ, ಬಾಯ್ತುಂಬ ನಗು. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ ಹಿಂದಕ್ಕೆ ಕೊಟ್ಟಳು.

"ಮನೆತನವೇನೋ ಚೆನ್ನಾಗದೆ ಕಣಮ್ಮಿ. ಗಂಡಿಗೇ ವಯಸ್ಸಾಗ್ಬುಟ್ಟದೆ. ತಮ್ಮ ಯಾರಾರ ಅವ್ನಾ ಕೇಳು."