ಹಲ್ಲು ಕಡಿಮೆ ಮಾಡಿಕೊಳ್ಳುವಂತೆ ಕಡಲಹಾವು ಮೀನಿಗೆ ಒಂದು ವಿನಂತಿ

ಮೆಸ್ಸೀನಾ ಜಲಸಂಧಿಯ ತಳದ ಕತ್ತಲೆಯಲ್ಲಿ ವಾಸಿಸುವ, ಬಿಸಿಲಿನ ಮುಖ ಕಾಣದ, ಯಾರ ಮುಲಾಜಿಗೂ ಒಳಗಾಗದ ಶ್ರೀ ಕಡಲಹಾವು ಮೀನಿನವರ ಸನ್ನಿಧಾನಕ್ಕೆ, ತೋರ್ರೆ ಫಾರೊ ಊರಿನ ಲೆತ್ತೇರಿಯೊ ಅರೆನಾ ಎಂಬ, ಹದಿನಾಲ್ಕಕ್ಕೇ ಶಾಲೆ ಬಿಟ್ಟು ಈಗ ಸರೋವರದ ದಂಡೆಯ ಶೆಡ್ಡಿನಲ್ಲಿ ಕಪ್ಪೆಚಿಪ್ಪು ತೊಳೆಯುವವನು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದೂ, ತಲೆಯ ಮೇಲಿನ ನೀರಿನ ಭಾರ ಎಂದಿನಂತೆ ಹಿತವಾಗಿದೆಯೆಂದೂ ಭಾವಿಸಿದ್ದೇನೆ. ತಮ್ಮ ಅಮೂಲ್ಯವಾದ ಕತ್ತಲೆಯಲ್ಲಿ ಒಂದಿಷ್ಟನ್ನು ಹಾಳುಮಾಡುತ್ತಿರುವುದಕ್ಕೆ ಕ್ಷಮೆಯಿರಲಿ. ನೇರವಾಗಿ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಸುತ್ತಿ ಬಳಸಿ ಬರೆಯುವುದನ್ನು ಕಲಿಸುವ ತರಗತಿಯವರೆಗೂ ನಾನು ಹೋಗಲಿಲ್ಲ. ನನ್ನ ದೂರು ಇಷ್ಟೇ: ತಮ್ಮ ರೂಪ ನಂಬುವ ಹಾಗಿಲ್ಲ.

ಇದು ನನ್ನ ಅಭಿಪ್ರಾಯವಲ್ಲ. ನಮ್ಮೂರ ಸಾಹಿತ್ಯ ಸಂಘದ ಅಧ್ಯಕ್ಷರೂ, ಸಂಘ ಏರ್ಪಡಿಸಿದ ವೈಜ್ಞಾನಿಕ ಕಥಾಸ್ಪರ್ಧೆಯ ಮುಖ್ಯ ತೀರ್ಪುಗಾರರೂ ಆದ ನಿವೃತ್ತ ಮೇಷ್ಟ್ರು ಎವರಿಸ್ತೊ ಪಲ್ಮೇರಿಯವರ ತೀರ್ಮಾನ. ನಾನು ಕೇವಲ ಅದನ್ನು ತಮಗೆ ತಲುಪಿಸುತ್ತಿದ್ದೇನೆ.

ಮಾರ್ಚಿನಲ್ಲಿ ಆಫ್ರಿಕಾದ ಕಡೆಯಿಂದ ಬಿಸಿಗಾಳಿ ಬೀಸಿ ಜಲಸಂಧಿಯ ನೀರು ತಳದಿಂದ ಮೇಲಕ್ಕೆ ಮಗುಚಿಕೊಂಡದ್ದು ತಮಗೆ ನೆನಪಿರಬೇಕು. ಮರುದಿನ ಬೆಳಗಿನ ಜಾವ ಕೆಲಸಕ್ಕೆ ಹೊರಟವನಿಗೆ ತಮ್ಮ ಕುಲದವರೊಬ್ಬರು ದಡದ ಕಲ್ಲುಗಳ ನಡುವೆ ಬಿದ್ದಿರುವುದು ಕಾಣಿಸಿತು. ಬಾಯಲ್ಲಿ ಹಿಡಿಸದೆ ಹೊರಗೇ ಉಳಿದು ಕಣ್ಣಿನವರೆಗೂ ಬಾಗಿದ ಹಲ್ಲುಗಳು, ಬೆನ್ನಿನಿಂದ ಎದ್ದು ಮುಖದ ಮುಂದೆ ತೂಗುವ ಗಾಳದಂಥ ಎಳೆ, ಹೊಟ್ಟೆಯುದ್ದಕ್ಕೂ ಸಣ್ಣ ದೀಪಗಳ ಸಾಲು. ಅವು ಇನ್ನೂ ಉರಿಯುತ್ತಿದ್ದವು. ನಾನು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತೆ. ಬಾಲದ ಕಡೆಯಿಂದ ಶುರುವಾಗಿ ದೀಪಗಳು ಒಂದೊಂದಾಗಿ ಆರಿದವು. ನಾಯಿ ಹಿಡಿದುಕೊಂಡು ವಾಯುವಿಹಾರಕ್ಕೆ ಬಂದ ಹೆಂಗಸೊಬ್ಬಳು ಚಪ್ಪಲಿಗೆ ಕೊಳೆ ತಾಗದಂತೆ ಪಕ್ಕಕ್ಕೆ ಸರಿದು ಹೋದಳು. ಅಷ್ಟೇ ನಡೆದದ್ದು.

ಅದನ್ನೇ ಬರೆದೆ. ಬೇರೊಂದು ಲೋಕದಿಂದ ಒಂದು ಜೀವ ನಮ್ಮ ದಡಕ್ಕೆ ಬಂದು ಬೀಳುತ್ತದೆ. ಅದು ಯಾರ ಮೇಲೂ ಯುದ್ಧ ಸಾರುವುದಿಲ್ಲ, ಮನುಕುಲಕ್ಕೆ ಸಂದೇಶವನ್ನೂ ಕೊಡುವುದಿಲ್ಲ. ಅದರ ಹೊಟ್ಟೆಯ ದೀಪಗಳು ಆರುತ್ತವೆ, ಜನ ಪಕ್ಕಕ್ಕೆ ಸರಿದು ಹೋಗುತ್ತಾರೆ. ಹುಟ್ಟಿದಾರಭ್ಯ ನಾನು ಮುಗಿಸಿದ ಒಂದೇ ಒಂದು ಕೆಲಸ ಈ ಕಥೆ. ಆಯ್ಕೆಯಾದ ಕಥೆಗಳು ಪುಸ್ತಕವಾಗುತ್ತವೆ ಎಂದಿದ್ದರು. ಪುಸ್ತಕದಲ್ಲಿ ನನ್ನ ಹೆಸರು ಬರಲಿ ಎಂದು ಆಸೆಪಟ್ಟೆ. ಇದರಲ್ಲಿ ಮುಚ್ಚುಮರೆ ಏನಿದೆ?

ಮೇಷ್ಟ್ರು ಕರೆಸಿದರು. ಭಾಷೆ ಒರಟಾದರೂ ಪರವಾಗಿಲ್ಲ, ಆದರೆ ಈ ಪ್ರಾಣಿ ಅತಿಯಾಯಿತು ಎಂದರು. ಬಾಯಲ್ಲಿ ಹಿಡಿಸದ ಹಲ್ಲು ಇಟ್ಟುಕೊಂಡು ಯಾವ ಪ್ರಾಣಿ ಊಟ ಮಾಡೀತು, ಹೊಟ್ಟೆಗೆ ಯಾರಾದರೂ ದೀಪ ಕಟ್ಟಿಕೊಳ್ಳುತ್ತಾರೆಯೇ, ಕಲ್ಪನೆಗೂ ಒಂದು ಮಿತಿ ಬೇಡವೇ ಎಂದು ಕೇಳಿದರು. ಹಲ್ಲು ಸಣ್ಣದು ಮಾಡಿ ದೀಪ ತೆಗೆದುಕೊಟ್ಟರೆ ಶುಕ್ರವಾರದೊಳಗೆ ಪುಸ್ತಕಕ್ಕೆ ಸೇರಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದರು. ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಈಗ ಫೋಟೋಗಳನ್ನೆಲ್ಲ ಯಂತ್ರವೇ ಹುಟ್ಟಿಸುತ್ತದೆ ಎಂದು ನಕ್ಕರು. ದಡಕ್ಕೆ ಬನ್ನಿ, ಗಾಳಿ ಬೀಸಿದ ಮರುದಿನ ಕಾಣಬಹುದು ಎಂದೆ. ಬೂಟು ಒದ್ದೆಯಾಗುತ್ತದಂತೆ. ದಡದಿಂದ ಕೂಗಳತೆಯಲ್ಲಿ ಹುಟ್ಟಿ ಬೆಳೆದು ಮುದುಕರಾದವರು, ಬೂಟು ಮಾತ್ರ ಇವತ್ತಿಗೂ ಹೊಸದರಂತಿದೆ.

ಇಲ್ಲೊಂದು ಮಾತು ಹೇಳಬೇಕು. ಮಾತೆ ಮರಿಯಾ ಸ್ವತಃ ತನ್ನ ಕೈಯಿಂದ ಪತ್ರ ಬರೆದು, ತಲೆಗೂದಲಿನಿಂದ ಕಟ್ಟಿ ನಮಗೆ ಕಳಿಸಿದಳು ಎಂದು ನಂಬುವ ಜನ ನಾವು. ಪತ್ರಕ್ಕೆ ನಮ್ಮ ಮಾತಿನಲ್ಲಿ ಲೆತ್ತೆರಾ ಎನ್ನುತ್ತಾರೆ, ಆ ಪತ್ರದ ನೆನಪಿಗೇ ಇಲ್ಲಿ ಮನೆಗೊಬ್ಬ ಲೆತ್ತೇರಿಯೊ ಇದ್ದಾನೆ. ನನ್ನ ತಕರಾರಿಲ್ಲ, ನಾನೂ ನಂಬುತ್ತೇನೆ, ಹೆಸರೇ ಅದಾದ ಮೇಲೆ ನಂಬದೆ ಏನು ಮಾಡುವುದು. ಆದರೆ ಬರುವಾಗ ಯಾರೂ ನೋಡದ ಪತ್ರವನ್ನು ನಂಬುವವರಿಗೆ ಕಾಲ ಬುಡದಲ್ಲಿ ಬಿದ್ದಿರುವ ಮೀನು ಗಂಟಲಲ್ಲಿ ಇಳಿಯುವುದಿಲ್ಲವಲ್ಲ, ಅದಕ್ಕೆ ನನಗೆ ಮೈಯೆಲ್ಲ ಉರಿಯುತ್ತದೆ.

ಗಂಟಲಲ್ಲಿ ಇಳಿಯುವುದಿಲ್ಲ ಎಂದದ್ದನ್ನು ದಯವಿಟ್ಟು ಹೊಡೆದುಹಾಕಿಕೊಳ್ಳಿ. ಇಳಿಯಿತು.

ತಮ್ಮ ಆ ಬಂಧುವನ್ನು ನಾನು ಆ ಬೆಳಿಗ್ಗೆಯೇ ಕಾಗದದಲ್ಲಿ ಸುತ್ತಿ, ಚಿಕ್ಕಮ್ಮ ನುನ್ಸಿಯಾಳ ಫ್ರೀಜರಿನ ತಳದಲ್ಲಿ, ಬಟಾಣಿಯ ಪೊಟ್ಟಣದ ಕೆಳಗೆ ಗೌರವಪೂರ್ವಕವಾಗಿ ಇಟ್ಟಿದ್ದೆ. ಬೂಟು ಒದ್ದೆಯಾಗುವುದಾದರೆ ಬೇಡ, ಮನೆಗೇ ಬನ್ನಿ ಎಂದು ಮೇಷ್ಟ್ರನ್ನು ಭಾನುವಾರ ಕರೆದೆ. ಕೆಲಸಕ್ಕೆ ಹೋಗುವ ಅವಸರದಲ್ಲಿ ಚಿಕ್ಕಮ್ಮನಿಗೆ, ಮೇಷ್ಟ್ರು ಮೀನಿಗೆ ಬರುತ್ತಿದ್ದಾರೆ ಎಂದಷ್ಟೇ ಹೇಳಿದೆ. ತಪ್ಪಾದದ್ದು ಅಲ್ಲೇ. ನಮ್ಮೂರಲ್ಲಿ ಯಾರಾದರೂ ಮೀನಿಗೆ ಬರುತ್ತಾರೆ ಎಂದರೆ ತಟ್ಟೆ ಒರೆಸಿಡಬೇಕು ಎಂದೇ ಅರ್ಥ. ಮೀನನ್ನು ಸುಮ್ಮನೆ ನೋಡಿಕೊಂಡು ಹೋಗಲು ಒಬ್ಬ ಮನುಷ್ಯ ಇನ್ನೊಬ್ಬರ ಮನೆಗೆ ಬಂದದ್ದು ತೋರ್ರೆ ಫಾರೊದಲ್ಲಿ ಇದುವರೆಗೂ ನಡೆದಿಲ್ಲ.

ನಾನು ಶೆಡ್ಡಿನಿಂದ ಬರುವಷ್ಟರಲ್ಲಿ ಮೇಷ್ಟ್ರ ಕುತ್ತಿಗೆಗೆ ಕರವಸ್ತ್ರ ಸಿಕ್ಕಿಸಿಯಾಗಿತ್ತು. ಮೇಜಿನ ನಡುವೆ ಹಿಟ್ಟು ಮೆತ್ತಿ ಎಣ್ಣೆಯಲ್ಲಿ ಕರಿದ ಉಂಗುರಗಳು, ಪಕ್ಕದಲ್ಲಿ ನಿಂಬೆಹೋಳು. ತಲೆ ಎಲ್ಲಿ ಎಂದು ಕೇಳಿದೆ. ಬೆಕ್ಕಿಗೆ ಹಾಕಿದಳಂತೆ. ಅತಿಥಿಗೆ ತಲೆ ಬಡಿಸುವಷ್ಟು ಗತಿಗೆಟ್ಟಿಲ್ಲ ನಾವು ಎಂದು ನನ್ನ ಮೇಲೇ ಗದರಿದಳು.

“ನೀನು ಅಷ್ಟು ತಳದಲ್ಲಿ ಬಚ್ಚಿಟ್ಟಿದ್ದೆ ಅಂದ್ಮೇಲೆ ಒಳ್ಳೇ ಮೀನೇ ಇರ್ಬೇಕು ಅಂದ್ಕೊಂಡೆ ಕಣೋ,” ಅಂದಳು. “ಏನೋ ರೂಪ ಇಲ್ಲ, ಪಾಪ. ಗುಣ ಇದೆ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದರು. “ನುನ್ಸಿಯಾ, ಈ ರುಚಿನ ನಂಬೋಕೇ ಆಗ್ತಿಲ್ಲ,” ಅಂದರು.

ನಾನು ನಿಂತೇ ಇದ್ದೆ. “ಮೇಷ್ಟ್ರೇ, ನೀವು ತಿಂತಿರೋದೇ ನನ್ನ ಕಥೆ,” ಅಂದೆ.

“ತಮಾಷೆ ಸಾಕು, ಕೂತ್ಕೊಳೋ. ಇದು ಯಾವುದೋ ಹಾವುಮೀನಿನ ಜಾತಿ. ನಿನ್ನ ಕಥೇಲಿರೋದು ಈ ಪ್ರಪಂಚದಲ್ಲಿ ಇರೋಕೆ ಸಾಧ್ಯಾನೇ ಇಲ್ಲ,” ಎಂದವರು ಕೊನೆಯ ಉಂಗುರವನ್ನೂ ತಮ್ಮ ತಟ್ಟೆಗೆ ಎಳೆದುಕೊಂಡರು.

ಆದ್ದರಿಂದ ಮಾನ್ಯರೇ, ಶುಕ್ರವಾರದೊಳಗೆ ತಾವು ಈ ಕೆಳಗಿನಂತೆ ಸುಧಾರಿಸಿಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಹಲ್ಲುಗಳನ್ನು ಬಾಯೊಳಗೆ ಹಿಡಿಸುವಷ್ಟಕ್ಕೆ ಅರೆಸಿಕೊಳ್ಳಿ. ಹೊಟ್ಟೆಯ ದೀಪಗಳನ್ನು ಆರಿಸಿ, ಬೇಕಿದ್ದರೆ ಒಂದು ಟಾರ್ಚ್ ಇಟ್ಟುಕೊಳ್ಳಿ, ಅದನ್ನು ಮೇಷ್ಟ್ರು ನಂಬುತ್ತಾರೆ. ತಮ್ಮ ನೆರೆಯಲ್ಲಿ ಬೆಳ್ಳಿತಗಡಿನಂತೆ ಚಪ್ಪಟೆಯಾಗಿ, ಸದಾ ಮೇಲಕ್ಕೇ ನೋಡುವ ಕಣ್ಣುಗಳನ್ನು ಇಟ್ಟುಕೊಂಡು ಒಬ್ಬರು ತಿರುಗುತ್ತಾರಲ್ಲ, ಅವರಿಗೂ ಸ್ವಲ್ಪ ಬುದ್ಧಿ ಹೇಳಿ. ನಾಳೆ ಯಾರಾದರೂ ಅವರನ್ನು ಕಂಡು ಕಥೆ ಬರೆದುಬಿಟ್ಟರೆ ಇನ್ನೊಬ್ಬ ಹುಡುಗನ ಗತಿಯೇನು? ಇಷ್ಟಾದ ಮೇಲೆ ಒಂದು ಒಳ್ಳೆಯ ಕೋಟು ಹಾಕಿಕೊಂಡು ಬಂದು ಸಂಘದ ಕಚೇರಿಯಲ್ಲಿ ಕಾಣಿಸಿಕೊಳ್ಳಿ. ಬಾಗಿಲಲ್ಲಿ ಕಾಲೊರಸು ಇದೆ, ಮರೆಯಬೇಡಿ.

ಮಾನ್ಯರೇ, ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಟ್ಟೆ. ತಮ್ಮನ್ನು ಕೇಳುವ ಮೊದಲು ನಾನೇ ಮಾಡಿ ನೋಡೋಣ ಎನಿಸಿತು. ಕಥೆ ತೆಗೆದುಕೊಂಡು ಕೂತೆ. ಹಲ್ಲುಗಳನ್ನು ಕಿತ್ತೆ, ಅಷ್ಟು ಕಷ್ಟವಾಗಲಿಲ್ಲ. ಮುಖದ ಮುಂದಿನ ಎಳೆಯನ್ನು ಕತ್ತರಿಸಿದೆ. ಉಳಿದದ್ದು ಆಕಾಶನೌಕೆಯಲ್ಲಿ ಬಂದಿಳಿದ ಒಂದು ಬೂತಾಯಿ ಮೀನು. ಅದನ್ನೂ ನುಂಗಿಕೊಂಡೆ, ಹೆಸರು ಅಚ್ಚಾಗುತ್ತದೆಂದರೆ ಮನುಷ್ಯ ಏನನ್ನಾದರೂ ನುಂಗುತ್ತಾನೆ. ಆಮೇಲೆ ದೀಪಗಳ ಜಾಗಕ್ಕೆ ಬಂದೆ. ಅವನ್ನು ತೆಗೆದರೆ ಆರುವುದಕ್ಕೆ ಏನೂ ಉಳಿಯುವುದಿಲ್ಲ. ಆ ಬೆಳಿಗ್ಗೆ ದಡದಲ್ಲಿ ಒಬ್ಬ ಮನುಷ್ಯನಾದರೂ ಕೂತು ನೋಡಿದ್ದ. ನೋಡಿದವನೇ ನೋಡಲಿಲ್ಲ ಎಂದು ಬರೆದುಕೊಟ್ಟರೆ, ಪಕ್ಕಕ್ಕೆ ಸರಿದು ಹೋದ ಆ ಹೆಂಗಸಿಗೂ ನನಗೂ ಏನು ವ್ಯತ್ಯಾಸ?

ಹಲ್ಲುಗಳನ್ನೆಲ್ಲ ವಾಪಸು ಕೂರಿಸಿದೆ. ಶುಕ್ರವಾರ ಬೆಳಿಗ್ಗೆ ಸಂಘದ ಕಚೇರಿಗೆ ಹೋಗಿ, ನನ್ನ ಕಥೆ ಬಿಟ್ಟು ಪುಸ್ತಕ ಮಾಡಿಕೊಳ್ಳಿ ಎಂದೆ. ಮೇಷ್ಟ್ರು ಬಹಳ ಬೇಸರಪಟ್ಟರು, ಚಿಕ್ಕಮ್ಮನನ್ನು ವಿಚಾರಿಸಿದೆ ಎಂದು ತಿಳಿಸು ಎಂದರು. ಪುಸ್ತಕ ಅಚ್ಚಿಗೆ ಹೋಗಿದೆ, ನಾನು ಚಿಪ್ಪು ತೊಳೆಯುತ್ತಿದ್ದೇನೆ. ಮೇಲಿನ ವಿನಂತಿಗಳನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ತಾವು ಹೇಗಿದ್ದೀರೋ ಹಾಗೆಯೇ ಇರಿ. ಸಾಧ್ಯವಾದರೆ ಇನ್ನಷ್ಟು ಕೆಟ್ಟದಾಗಿ ಇರಿ.

ಇಂತು, ದಡದ ಮೇಲಿನ
ತಮ್ಮ ವಿಶ್ವಾಸಿ,
ಲೆತ್ತೇರಿಯೊ ಅರೆನಾ

ತಾ.ಕ.: ಮೊದಲ ಬಹುಮಾನ ಬಂದ ಕಥೆಯಲ್ಲಿ ಅನ್ಯಗ್ರಹದವರು ಇಳಿದು ಬಂದು ಶುದ್ಧ ಲ್ಯಾಟಿನ್ ಭಾಷೆಯಲ್ಲಿ ಭಾಷಣ ಮಾಡುತ್ತಾರೆ. ಅತ್ಯಂತ ಸಹಜವಾಗಿದೆ ಎಂದು ತೀರ್ಪುಗಾರರು ಮೆಚ್ಚಿದ್ದಾರೆ. ತಮಗೆ ಲ್ಯಾಟಿನ್ ಬಾರದಿದ್ದರೆ ಚಿಂತಿಸಬೇಡಿ. ಆ ವಿಷಯದಲ್ಲಿ ನನ್ನನ್ನು ಎರಡು ಸಲ ಫೇಲು ಮಾಡಿ ಶಾಲೆ ಬಿಡಿಸಿದವರೂ ಇದೇ ಮೇಷ್ಟ್ರು.